ಥರ್ಮಾಕೋಲ್ ಗುಮ್ಮಟ ಯಾರ ಪ್ರಾಜೆಕ್ಟ್?

ಪ್ರಶ್ನೆ: ಮಗಳು ಐದನೇ ತರಗತಿಯಲ್ಲಿದ್ದಾಳೆ. ಪರಿಸರ ಅಧ್ಯಯನದ ಪ್ರಾಜೆಕ್ಟಿಗೆ ಗೋಳಗುಮ್ಮಟದ ಮಾದರಿ ಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಅವಳು ಮಲಗಿದ ಮೇಲೆ ರಾತ್ರಿ ಹನ್ನೊಂದರವರೆಗೆ ಕುಳಿತು ಥರ್ಮಾಕೋಲ್ ಕತ್ತರಿಸಿ ಅಂಟಿಸಿದವನು ನಾನು. ಮುಂದಿನ ಪ್ರಾಜೆಕ್ಟ್ ‘ಮಣ್ಣು’. ಇದರಿಂದ ಮಗು ಕಲಿಯುವುದಾದರೂ ಏನು?
— ಪಾಲಕರೊಬ್ಬರು, ತಾಳಿಕೋಟೆ

ಉತ್ತರ: ಆ ರಾತ್ರಿ ಏನಾದರೂ ಕಲಿತವರಿದ್ದರೆ ಅದು ನೀವೇ. ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಪ್ರಾಜೆಕ್ಟ್ ಪದ್ಧತಿಯ ಬಗ್ಗೆ ಬರೆದಾಗ, ಮಗು ತನ್ನದೇ ಉದ್ದೇಶವಿಟ್ಟುಕೊಂಡು ಮನಸಾರೆ ಮಾಡುವ ಕೆಲಸಕ್ಕೆ ಆ ಹೆಸರು ಕೊಟ್ಟಿದ್ದರು. ನಮ್ಮಲ್ಲಿ ಅದು ಅಂಗಡಿ ಸಾಮಾನಿನ ಪ್ರದರ್ಶನವಾಗಿಬಿಟ್ಟಿದೆ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. 22 ಮೀಟರ್ ಹಗ್ಗದ ಒಂದು ತುದಿ ಹಿಡಿದು ಒಬ್ಬಳು ನಿಂತು, ಇನ್ನೊಬ್ಬಳು ಸುತ್ತಲೂ ಸುಣ್ಣದ ಗೆರೆ ಎಳೆದಿದ್ದರೆ, ಅದು ಶಾಲೆಯ ಮೈದಾನದಲ್ಲಿ ಹಿಡಿಸುತ್ತದೆಯೋ ಇಲ್ಲವೋ ಎಂಬುದನ್ನು ಮಕ್ಕಳೇ ಕಾಣುತ್ತಿದ್ದರು.

ಮಣ್ಣಿನ ವಿಷಯಕ್ಕೆ ಡೋಣಿ ನದಿಯ ದಂಡೆಯವರಾದ ನೀವು ಅಂಗಡಿಗೆ ಹೋಗಬೇಕಾಗಿಯೇ ಇಲ್ಲ. ಹಿಂಗಾರಿ ಜೋಳ ಮಳೆಯಿಲ್ಲದ ಚಳಿಗಾಲದಲ್ಲಿ ಹೇಗೆ ಬೆಳೆಯುತ್ತದೆ ಎಂದು ಮಗಳನ್ನು ಕೇಳಿ, ಉತ್ತರವನ್ನು ಮಾತ್ರ ಹೇಳಬೇಡಿ. ಎರಡು ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ ತಲೆಕೆಳಗಾಗಿ ನಿಲ್ಲಿಸಿ, ಒಂದರಲ್ಲಿ ಎರೆ (ಕಪ್ಪು) ಮಣ್ಣು, ಇನ್ನೊಂದರಲ್ಲಿ ಮಸಾರಿ (ಕೆಂಪು) ಮಣ್ಣು ನಾಲ್ಕು ಬೆರಳಿನಷ್ಟು ತುಂಬಿಸಿ. ಎರಡಕ್ಕೂ ಒಂದೇ ಅಳತೆಯ ನೀರು ಹಾಕಿ, ಹತ್ತು ನಿಮಿಷದಲ್ಲಿ ಕೆಳಗೆ ಎಷ್ಟು ಸೋರಿತೆಂದು ಅವಳೇ ಅಳೆದು ಬರೆಯಲಿ. ಎರೆ ಮಣ್ಣಿನ ಹೆಂಟೆಗಳನ್ನು ಪುಡಿ ಮಾಡದಿದ್ದರೆ ನೀರು ಸಂದಿಯಿಂದ ಸರ್ರನೆ ಇಳಿದು, ಎರೆ ಮಣ್ಣೇ ನೀರು ಹಿಡಿಯುವುದಿಲ್ಲವೆಂಬ ತಪ್ಪು ಲೆಕ್ಕ ಬರಬಹುದು. ಬರಲಿ ಬಿಡಿ. ಏಕೆ ಹೀಗಾಯಿತೆಂದು ಅವಳು ಹೆಂಟೆ ಒಡೆದು ಮತ್ತೆ ಮಾಡುವ ಆ ಎರಡನೆಯ ಸಲವೇ ನಿಜವಾದ ಪ್ರಾಜೆಕ್ಟ್ ಎಂದು ನಾನು ತಿಳಿಯುತ್ತೇನೆ. ಎರೆಯ ಅತಿ ಸಣ್ಣ ಕಣಗಳು ನೀರನ್ನು ಬಿಟ್ಟುಕೊಡದೆ ಹಿಡಿದಿಡುವುದನ್ನು ಕಂಡವಳಿಗೆ, ಮುಂಗಾರಿನ ತೇವ ಹಿಂಗಾರಿ ಬೆಳೆಯನ್ನು ಸಾಕುವ ಬಗೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಅಲ್ಲಿಂದ ಸಮಾಜದ ಪಾಠಕ್ಕೆ ದಾರಿ ದೂರವಿಲ್ಲ. ಮೊದಲು ಯಾವ ಹೊಲದಲ್ಲಿ ಏನು ಬಿತ್ತುತ್ತಿದ್ದರು, ಈಗ ಏನು ಬಿತ್ತುತ್ತಾರೆ, ಏಕೆ ಬದಲಾಯಿಸಿದರು ಎಂದು ಅಜ್ಜನನ್ನೂ ನೆರೆಹೊಲದವರನ್ನೂ ಕೇಳಿ ಬರೆದುಕೊಳ್ಳಲಿ. ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆಯಲಿ. ಶಾಲೆಗೆ ಕೆಸರು ಮೆತ್ತಿದ ಆ ನೋಟ್‌ಬುಕ್ಕನ್ನೇ ಕಳಿಸಿ. ಮಾದರಿಯೇ ಬೇಕೆಂದು ಶಿಕ್ಷಕರು ಹಟ ಹಿಡಿದರೆ ಎರಡು ಬಾಟಲಿಗಳು ಹೇಗೂ ಇವೆಯಲ್ಲ.