ಇಬ್ಬರು ಫಾದರ್, ಒಂದೇ ಬಂಗ್ಲೆ

ಹೊಸ ಫಾದರ್ ಮತ್ತು ನಿವೃತ್ತ ಫಾದರ್ ನಡುವಿನ ಜಗಳ ನನ್ನ ಹತ್ತಿರ ಬಂದದ್ದು ಇದು ಮೂರನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ.

ಕರಾವಳಿಯ ಒಂದು ಇಗರ್ಜಿ, ಅಂದರೆ ಕ್ಯಾಥೊಲಿಕ್ ಚರ್ಚು. ಅದನ್ನು ನಡೆಸುವ ಗುರುಗಳಾದ ಹೊಸ ವಿಗಾರರಿಗೆ ನಲವತ್ತರ ಆಚೀಚೆ. ಹಳೆ ಫಾದರ್ ಅದೇ ಬಂಗ್ಲೆಯ ಹಿಂದಿನ ಕೋಣೆಯಲ್ಲಿದ್ದಾರೆ. 75 ತುಂಬಿದ ವಿಗಾರರು ಬಿಷಪರಿಗೆ ರಾಜೀನಾಮೆ ಕೊಡಬೇಕೆಂದು ಚರ್ಚಿನ ಕಾನೂನು ಕೇಳಿಕೊಳ್ಳುತ್ತದೆ. ಆಮೇಲಿನ ಊಟ-ವಸತಿಗೂ ಅದರಲ್ಲಿ ಮಾತಿದೆ. ಮನಸ್ಸಿನ ವಿಷಯ ಮಾತ್ರ ಇಲ್ಲ ಬಿಡಿ.

ಪೂಜೆ ಮುಗಿದರೆ ಜನ ಹಿಂದಿನ ಕೋಣೆಗೆ ಹೋಗುತ್ತಾರೆ ಎಂಬುದು ಹೊಸಬರ ದೂರು. ಕೊನೆಗೆ ಒಂದು ಮದುವೆ. ಹುಡುಗಿಗೆ ಜ್ಞಾನಸ್ನಾನ ಕೊಟ್ಟಿದ್ದ ಹಳೆ ಫಾದರ್, ಮದುವೆಯನ್ನೂ ನಾನೇ ಮಾಡಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟಿದ್ದರು. ಹೊಸಬರಿಗೆ ಗೊತ್ತಾದದ್ದು ಮದುವೆಯ ಕಾಗದ ಕೈಗೆ ಬಂದ ಮೇಲೆ.

"ನಾನಾಗಲಿ ಬಿಷಪರಾಗಲಿ ಅಧಿಕಾರ ಕೊಡದೆ ಅವರು ಮಾಡಿಸಿದರೆ ಆ ಮದುವೆ ಊರ್ಜಿತವೇ ಅಲ್ಲ. ಅವರಿಗೆ ಗೊತ್ತಿಲ್ವಾ ಮೇಡಂ?"

ಮಾತು ಸರಿಯೇ. ಆದರೂ ಇಬ್ಬರನ್ನೂ ಒಟ್ಟಿಗೆ ಕರೆದೆ.

ಹಳೆ ಫಾದರ್ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಜೇಬಿನಿಂದ ಒಂದು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. "ಪೂಜೆಯ ಹೊತ್ತು ಬದಲಾದರೆ ನಾನು ಇದನ್ನು ಹಿಡಿದು ನೋಟಿಸ್ ಬೋರ್ಡ್ ಓದಬೇಕು ಫಾದರ್. ಮೊನ್ನೆ ಆರೂವರೆಗೆ ಹೋದೆ. ಬಾಗಿಲು ಹಾಕಿತ್ತು."

ಹೊಸಬರು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನಾವು ಒಟ್ಟಿಗೆ ಊಟಕ್ಕೂ ಕೂರುವುದಿಲ್ಲ ಮೇಡಂ. ಅವರದ್ದು ಏಳಕ್ಕೇ ಮುಗಿಯುತ್ತದೆ."

ಆ ಮೇಲೆ ಮದುವೆಯ ಮಾತು ಹತ್ತು ನಿಮಿಷದಲ್ಲಿ ಮುಗಿಯಿತು. ಆ ಒಂದು ಮದುವೆಗೆ ವಿಗಾರರು ಬರಹದಲ್ಲಿ ಅಧಿಕಾರ ಕೊಡುವುದು. ಮುಂದೆ ಯಾರೇ ಮದುವೆ, ಮರಣ, ಜಗಳ ಎಂದು ಹಿಂದಿನ ಕೋಣೆಗೆ ಬಂದರೂ ಹಳೆ ಫಾದರ್ "ವಿಗಾರರನ್ನು ಕೇಳಿ" ಎನ್ನುವುದು, ಅಷ್ಟೇ. ಹೊಸಬರಿಗೆ ಹೇಳಿದ್ದು: ಒಂದು ತಿಂಗಳು ರಾತ್ರಿ ಏಳಕ್ಕೆ ಅವರ ಜೊತೆ ಊಟ ಮಾಡಿ. ಬೋರ್ಡಿಗೆ ಹಾಕುವ ಮೊದಲು ಅವರಿಗೆ ಹೇಳಿ.

ಮುದುಕರನ್ನು ನಿವೃತ್ತ ಗುರುಗಳ ಮನೆಗೆ ಕಳಿಸಿ ಎನ್ನಬಹುದಿತ್ತಲ್ವಾ ಎಂದು ಪರಿಚಯದ ಸಿಸ್ಟರ್ ಒಬ್ಬರು ಕೇಳಿದರು. ಅನ್ನಬಹುದಿತ್ತು. ಬೇರೆ ಒಂದು ಪ್ರಕರಣದಲ್ಲಿ ಅಂದೂ ಇದ್ದೇನೆ. ಇಲ್ಲಿ ಅನ್ನಲಿಲ್ಲ, ಯಾಕೆಂದರೆ ಇವರಿಗೆ ಬೇಕಿದ್ದದ್ದು ಅಧಿಕಾರವಲ್ಲ, ಸುದ್ದಿ. ಮಕ್ಕಳು ಮೊಮ್ಮಕ್ಕಳಿಲ್ಲದ ಮನುಷ್ಯನಿಗೆ ಸುದ್ದಿ ಹೇಳುವವರು ಊರಿನವರೇ. ಮನೆಯೊಳಗಿನವರು ಹೇಳದಿದ್ದರೆ ಹೊರಗಿನವರು ಬಂದು ಹೇಳುತ್ತಾರೆ, ಉಪ್ಪು ಖಾರ ಸೇರಿಸಿ.

ಮದುವೆ ಆಯಿತು. ಈಗ ವಾರದ ಪೂಜೆಯ ಹೊತ್ತನ್ನು ವಿಗಾರರು ದೊಡ್ಡ ಅಕ್ಷರದಲ್ಲಿ ಬರೆದು ಊಟದ ಮೇಜಿನ ಮೇಲೆ ಇಡುತ್ತಾರಂತೆ. ಇಗರ್ಜಿಯ ವಾರ್ಡುಗಳ ಮುಖಂಡರಾದ ಗುರ್ಕಾರರು ಮಾತ್ರ ಇನ್ನೂ ಹಿಂದಿನ ಕೋಣೆಗೇ ಹೋಗುತ್ತಾರೆ.