ಕಂಪ್ಯೂಟರ್ ಸೈನ್ಸ್ ಪ್ರೊಫೆಸರ್‌ಗಳು ಇಷ್ಟೊಂದು ಊರೂರು ಸುತ್ತುವುದು ಯಾಕೆ?

ನಿಮ್ಮ ಪ್ರಶ್ನೆ ಓದಿದೆ. ಎಂ.ಟೆಕ್ ಎರಡನೇ ವರ್ಷದಲ್ಲಿದ್ದೀರಿ. ಪಿಎಚ್‌ಡಿ ಮಾಡಿ ಪಾಠ ಹೇಳುವ ಕೆಲಸಕ್ಕೆ ಬರುವ ಆಸೆ ಇದೆ. ಆದರೆ ನಿಮ್ಮ ಗೈಡ್ ಎರಡು ತಿಂಗಳಿಗೊಮ್ಮೆ ಸೂಟ್‌ಕೇಸ್ ಹಿಡಿದು ಹೊರಟುಬಿಡುತ್ತಾರೆ. "ಕಂಪ್ಯೂಟರ್ ಕೆಲಸ ಕೂತಲ್ಲೇ ಆಗುತ್ತಲ್ವಾ, ಮತ್ತೆ ಇಷ್ಟು ಓಡಾಟ ಯಾಕೆ? ಈ ಕೆಲಸ ನಿಜವಾಗಿ ಹೇಗಿರುತ್ತೆ?" ಅಂತ ಕೇಳಿದ್ದೀರಿ. ನಾನು ಹದಿನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಥಿಯರಿ, ಅಂದರೆ ಕಂಪ್ಯೂಟರ್ ಏನನ್ನು ಎಷ್ಟು ಸಮಯದಲ್ಲಿ ಲೆಕ್ಕ ಹಾಕಬಲ್ಲದು ಅನ್ನುವುದರ ಗಣಿತ, ನನ್ನ ವಿಷಯ. ನನ್ನ ಅನುಭವದಷ್ಟು ಹೇಳುತ್ತೇನೆ.

ಭೌತಶಾಸ್ತ್ರದವರು, ರಸಾಯನಶಾಸ್ತ್ರದವರು ಹೊಸದೇನಾದರೂ ಕಂಡುಕೊಂಡರೆ ಜರ್ನಲ್‌ಗೆ ಕಳಿಸುತ್ತಾರೆ. ಅಲ್ಲಿ ಅಚ್ಚಾದರೆ ಆಯಿತು. ನಮ್ಮಲ್ಲಿ ಪೇಪರ್ ಮೊದಲು ಹೋಗುವುದು ಕಾನ್ಫರೆನ್ಸ್‌ಗೆ. ಮೂರ್ನಾಲ್ಕು ಜನ ಅದನ್ನು ಓದಿ ಅಭಿಪ್ರಾಯ ಬರೆಯುತ್ತಾರೆ. ಒಳ್ಳೆಯ ಕಾನ್ಫರೆನ್ಸ್‌ನಲ್ಲಿ ನಾಲ್ಕಕ್ಕೋ ಐದಕ್ಕೋ ಒಂದು ಆಯ್ಕೆಯಾಗುತ್ತದೆ. ಆಯ್ಕೆಯಾದರೆ ಬರೆದವರಲ್ಲಿ ಒಬ್ಬರು ದುಡ್ಡು ಕಟ್ಟಿ, ಅಲ್ಲಿಗೆ ಹೋಗಿ, ಎದ್ದು ನಿಂತು ಇಪ್ಪತ್ತು ನಿಮಿಷ ವಿವರಿಸಬೇಕು. ಕಾನ್ಫರೆನ್ಸ್ ಈ ವರ್ಷ ಒಂದು ದೇಶದಲ್ಲಿ ನಡೆದರೆ ಮುಂದಿನ ವರ್ಷ ಇನ್ನೊಂದರಲ್ಲಿ. ಪೇಪರ್ ಹೋದಲ್ಲಿಗೆ ನಾವೂ ಹೋಗುತ್ತೇವೆ. ಓಡಾಟದ ಮೂಲ ಇಷ್ಟೇ.

ಈ ಕಾನ್ಫರೆನ್ಸ್‌ಗಳ ಗಡುವಿಗೆ ಒಂದು ವಿಶೇಷ ಗಡಿಯಾರ ಇದೆ. 'ಎನಿವೇರ್ ಆನ್ ಅರ್ಥ್' ಅಂತ ಅದರ ಹೆಸರು, 'ಭೂಮಿಯ ಮೇಲೆ ಎಲ್ಲೇ ಇರಿ' ಅಂತ ಅರ್ಥ. ಜಗತ್ತಿನ ಯಾವ ಮೂಲೆಯಲ್ಲಾದರೂ ಇನ್ನೂ ಆ ತಾರೀಕು ಉಳಿದಿದ್ದರೆ ಗಡುವು ಮುಗಿದಿಲ್ಲ. ಹತ್ತನೇ ತಾರೀಕು ಕೊನೆ ದಿನ ಅಂದರೆ ನಮಗೆ ಹನ್ನೊಂದರ ಸಂಜೆ 5.29ರವರೆಗೆ ಸಮಯ. ಹಾಗಾಗಿ ನಮ್ಮ ಲ್ಯಾಬ್‌ನಲ್ಲಿ ಕೊನೆಯ ರಾತ್ರಿ ಅನ್ನುವುದಿಲ್ಲ, ಕೊನೆಯ ಮಧ್ಯಾಹ್ನ ಅನ್ನುತ್ತೇವೆ. ಆ ಮಧ್ಯಾಹ್ನ ಯಾರೂ ಊಟಕ್ಕೆ ಎದ್ದು ಹೋಗುವುದಿಲ್ಲ. ಕ್ಯಾಂಟೀನ್‌ನಿಂದ ಚಿತ್ರಾನ್ನ ತರಿಸಿ ಒಂದೇ ಕೈಯಲ್ಲಿ ತಿನ್ನುತ್ತಾ ಇನ್ನೊಂದರಲ್ಲಿ ಸಾಲು ತಿದ್ದುತ್ತಿರುತ್ತೇವೆ.

ಉಳಿದಂತೆ, ವರ್ಷದ ಮುಕ್ಕಾಲು ಪಾಲಿಗಿಂತ ಜಾಸ್ತಿ ನಾನು ಎಲ್ಲಿಗೂ ಹೋಗುವುದಿಲ್ಲ. ವಾರಕ್ಕೆ ಎರಡು ಕ್ಲಾಸು. ಒಂದೂವರೆ ಗಂಟೆಯ ಕ್ಲಾಸಿಗೆ ಐದಾರು ಗಂಟೆ ತಯಾರಿ, ಹತ್ತನೇ ಸಲ ಅದೇ ಪಾಠ ಮಾಡಿದರೂ. ನಾಲ್ಕು ಜನ ಪಿಎಚ್‌ಡಿ ವಿದ್ಯಾರ್ಥಿಗಳು, ಒಬ್ಬೊಬ್ಬರಿಗೂ ವಾರಕ್ಕೆ ಒಂದು ಗಂಟೆ ಮೀಸಲು. ಆಮೇಲೆ ಬೇರೆಯವರ ಪೇಪರ್ ಓದಿ ಅಭಿಪ್ರಾಯ ಬರೆಯುವುದು. ಒಂದು ಕಾನ್ಫರೆನ್ಸ್‌ನ ಆಯ್ಕೆ ಸಮಿತಿಯಲ್ಲಿದ್ದರೆ ಒಂದೂವರೆ ತಿಂಗಳಲ್ಲಿ ಹತ್ತು ಹನ್ನೆರಡು ಪೇಪರ್ ಬರುತ್ತವೆ. ಯಾರದೋ ಒಂದು ವರ್ಷದ ದುಡಿಮೆ ಅದು, ಸುಮ್ನೆ ಕಣ್ಣಾಡಿಸಿ ಬಿಡುವ ಹಾಗಿಲ್ಲ. ಉತ್ತರಪತ್ರಿಕೆ, ಪ್ರಾಜೆಕ್ಟ್ ದುಡ್ಡಿನ ಲೆಕ್ಕ, ಖರೀದಿ ಸಮಿತಿ ಇವೆಲ್ಲ ಯಾವ ಕಾಲೇಜಿನಲ್ಲಾದರೂ ಇರುವಂಥವೇ. ಹೊಸ ವಿಚಾರಕ್ಕೆ ಉಳಿಯುವುದು ಬೆಳಗಿನ ಎರಡು ಗಂಟೆ. ಆರರಿಂದ ಎಂಟರವರೆಗೆ ನಾನು ಫೋನ್ ಮುಟ್ಟುವುದಿಲ್ಲ.

ಆ ಎರಡು ಗಂಟೆ ಏನು ಯೋಚಿಸುತ್ತೇನೆ ಅಂತ ಹೇಳದಿದ್ದರೆ ಓಡಾಟ ಯಾಕೆ ಬೇಕು ಅನ್ನುವುದೂ ಗೊತ್ತಾಗುವುದಿಲ್ಲ. ಅಳಗುಳಿ ಮಣೆ ನೋಡಿದ್ದೀರಲ್ಲ? ಎರಡು ಸಾಲು, ಹದಿನಾಲ್ಕು ಗುಳಿ, ಒಳಗೆ ಹುಣಸೆ ಬೀಜ. ನಮ್ಮ ಅಜ್ಜಿ ಮನೆಯಲ್ಲಿ ಹಲಸಿನ ಮರದ್ದೊಂದಿತ್ತು. ಈಗ ಆಟದ ನಿಯಮ ಬದಲಿಸೋಣ. 'ಮೊದಲನೇ ಗುಳಿಯಿಂದ ಎರಡು ಬೀಜ ತೆಗೆ, ಐದನೆಯದಕ್ಕೆ ಮೂರು ಹಾಕು', ಇಂಥ ಕೆಲವು ನಿಯಮ ಇವೆ ಅಂದುಕೊಳ್ಳಿ. ಯಾವ ನಿಯಮವನ್ನು ಯಾವಾಗ ಬೇಕಾದರೂ ಬಳಸಬಹುದು, ಆದರೆ ಗುಳಿಯಲ್ಲಿ ಬೀಜ ಇಲ್ಲದಿದ್ದರೆ ತೆಗೆಯುವ ಹಾಗಿಲ್ಲ. ಈಗಿರುವ ಸ್ಥಿತಿಯಿಂದ ಹೊರಟು ನಾನು ಹೇಳಿದ ಇನ್ನೊಂದು ಸ್ಥಿತಿಗೆ ಸರಿಯಾಗಿ ತಲುಪಬಹುದಾ? ಇಂಥ ಆಟವನ್ನು ಪೆಟ್ರಿ ನೆಟ್ ಅನ್ನುತ್ತಾರೆ. ಜರ್ಮನಿಯ ಕಾರ್ಲ್ ಆಡಂ ಪೆಟ್ರಿ 1962ರ ತಮ್ಮ ಪ್ರಬಂಧದಲ್ಲಿ ಇದಕ್ಕೆ ಬುನಾದಿ ಹಾಕಿದರು. ಒಂದೇ ಹೊತ್ತಿಗೆ ಹಲವು ಕೆಲಸ ನಡೆಸುವ ಪ್ರೋಗ್ರಾಂಗಳು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ ಅಂತ ಪರೀಕ್ಷಿಸಲು ಇದು ಬೇಕು.

ನೋಡಲು ಮಕ್ಕಳಾಟ. ಆದರೆ ಉತ್ತರ ಹೇಳುವ ವಿಧಾನ ಒಂದಿದೆ ಅಂತ ಕಂಪ್ಯೂಟರ್ ವಿಜ್ಞಾನಿ ಎರ್ನ್ಸ್ಟ್ ಮೇಯರ್ ತೋರಿಸಿದ್ದು 1981ರಲ್ಲಿ. ಆ ವಿಧಾನಕ್ಕೆ ಎಷ್ಟು ಸಮಯ ಬೇಕು ಅನ್ನುವುದು ಇತ್ಯರ್ಥವಾಗಲು ಇನ್ನೂ ನಲವತ್ತು ವರ್ಷ ಹಿಡಿಯಿತು. 2019ರಲ್ಲಿ ಪೋಲೆಂಡ್, ಫ್ರಾನ್ಸ್, ಇಂಗ್ಲೆಂಡ್‌ಗಳಲ್ಲಿದ್ದ ಐದು ಜನ ಸೇರಿ ಅರ್ಧ ದಾರಿ ಕ್ರಮಿಸಿದರು. ಒಂದೇ ಸಮಸ್ಯೆ, ಐದು ತಲೆ, ಮೂರು ದೇಶ. ನಮ್ಮ ಕ್ಷೇತ್ರದಲ್ಲಿ ಇದು ತೀರಾ ಸಾಮಾನ್ಯ. ಈ ಸಮಸ್ಯೆಯನ್ನು ಬಲ್ಲವರು ಜಗತ್ತಿನಲ್ಲೇ ಕೆಲವು ಡಜನ್ ಜನ. ನನ್ನ ಕಾರಿಡಾರಿನಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬರಿದ್ದಾರೆ, ಅಷ್ಟೇ.

ಅಂಥವರನ್ನು ಒಂದೇ ಸೂರಿನಡಿ ಸೇರಿಸುವ ಜಾಗ ಜರ್ಮನಿಯಲ್ಲಿದೆ. ಡಾಗ್‌ಸ್ಟೂಲ್ ಅಂತ ಹೆಸರು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ರೈಲು ಹಿಡಿದು, ಒಂದು ಸಣ್ಣ ಸ್ಟೇಷನ್‌ನಲ್ಲಿ ಇಳಿದು ಟ್ಯಾಕ್ಸಿಯಲ್ಲಿ ಹೋಗಬೇಕು. ಸುತ್ತ ಕಾಡು, ಗುಡ್ಡ. 1760ರ ಹಳೆಯ ಬಂಗಲೆ. 1990ರಿಂದ ಅಲ್ಲಿ ಕಂಪ್ಯೂಟರ್ ಸೈನ್ಸ್‌ಗೇ ಮೀಸಲಾದ ಕೇಂದ್ರ ನಡೆಯುತ್ತಿದೆ. ಮೂವತ್ತು ನಲವತ್ತು ಜನರನ್ನು ಒಂದು ವಾರಕ್ಕೆ ಕರೆಯುತ್ತಾರೆ. ಒಟ್ಟಿಗೆ ಊಟ, ಒಟ್ಟಿಗೆ ವಾಸ. ಊಟದ ಮೇಜಿನಲ್ಲಿ ಯಾರು ಎಲ್ಲಿ ಕೂರಬೇಕು ಅಂತ ಹೆಸರಿನ ಚೀಟಿ ಇಟ್ಟಿರುತ್ತಾರೆ. ಪ್ರತಿ ಸಲ ಜಾಗ ಬದಲು. ಪರಿಚಯದವರ ಪಕ್ಕದಲ್ಲೇ ಕೂತುಬಿಡಬಾರದು ಅಂತ.

ನಾನು ಮೊದಲ ಸಲ ಹೋದಾಗ ಬುಧವಾರ ರಾತ್ರಿಯ ಊಟಕ್ಕೆ ಒಬ್ಬ ಹಿರಿಯ ಹೆಂಗಸಿನ ಪಕ್ಕ ನನ್ನ ಚೀಟಿ ಇತ್ತು. ಅವರ ಪೇಪರ್ ಓದಿಯೇ ನಾನು ಈ ವಿಷಯಕ್ಕೆ ಬಂದವನು. ಮಾತು ಬಂದು, ನಾವು ಏಳು ತಿಂಗಳಿಂದ ಬರೆಯುತ್ತಿದ್ದ ಪುರಾವೆಯ ಎಳೆ ಹೇಳಿದೆ. ಒಂದು ಹಂತದಲ್ಲಿ, 'ಈ ನಿಯಮಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಜೋಡಿಸಿಕೊಳ್ಳಬಹುದು' ಅಂತ ಹೇಳಿದೆ. ಅವರು ತಿನ್ನುವುದು ನಿಲ್ಲಿಸಿದರು. ತಟ್ಟೆ ಸರಿಸಿ ಎರಡು ಖಾಲಿ ಬಟ್ಟಲು ಎಳೆದುಕೊಂಡರು, ಬೊಗಸೆಯಲ್ಲಿ ನಾಲ್ಕು ದ್ರಾಕ್ಷಿ. ಮೊದಲ ನಿಯಮ ಈ ಬಟ್ಟಲಿಂದ ಒಂದು ತೆಗೆದು ಆ ಬಟ್ಟಲಿಗೆ ಹಾಕುತ್ತೆ, ಎರಡನೆಯದು ಅಲ್ಲಿಂದ ಇಲ್ಲಿಗೆ. ಕೂಡಿ ಕಳೆದರೆ ಲೆಕ್ಕ ಸರಿ. "ಈಗ ಎರಡೂ ಖಾಲಿ. ಯಾವುದನ್ನು ಮೊದಲು ಶುರು ಮಾಡುತ್ತೀಯ?" ಅಂತ ಕೇಳಿ ದ್ರಾಕ್ಷಿಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡರು.

ಯಾವುದನ್ನೂ ಶುರು ಮಾಡುವ ಹಾಗಿರಲಿಲ್ಲ. ಇಷ್ಟು ಸಣ್ಣ ವಿಷಯ ನಮ್ಮ ನಲವತ್ತು ಪುಟದ ಲೆಕ್ಕದ ಮಧ್ಯೆ ಅಡಗಿ ಕೂತಿತ್ತು. ನಾವು ಮೂರು ಜನ ಎಷ್ಟೋ ಸಲ ಓದಿದ್ದರೂ ಕಂಡಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಗುರುವಾರ ಅವರೇ ಹುಡುಕಿಕೊಂಡು ಬಂದು ಬೋರ್ಡಿನ ಮುಂದೆ ಎರಡು ಗಂಟೆ ನಿಂತರು. ಬಟ್ಟಲಲ್ಲಿ ಒಂದಾದರೂ ದ್ರಾಕ್ಷಿ ಉಳಿಯುವ ಸಂದರ್ಭಕ್ಕೆ ಮಾತ್ರ ನಮ್ಮ ವಾದ ನಿಲ್ಲುತ್ತದೆ ಅಂತ ಸ್ಪಷ್ಟವಾಯಿತು. ಉಳಿದ ಸಂದರ್ಭಕ್ಕೆ ಬೇರೆ ದಾರಿ ಹುಡುಕಲು ಇನ್ನೂ ಐದು ತಿಂಗಳು ಬೇಕಾಯಿತು. ಇಮೇಲ್‌ನಲ್ಲಿ ಆ ನಲವತ್ತು ಪುಟ ಕಳಿಸಿದ್ದರೆ ಅವರು ಓದುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಯಾರಿಗೂ ಅಷ್ಟು ಪುರುಸೊತ್ತು ಇರುವುದಿಲ್ಲ. ನಾನು ಹೋಗುವುದು ಆ ಊಟದ ಮೇಜಿಗೆ. ಇಪ್ಪತ್ತು ನಿಮಿಷದ ಭಾಷಣಕ್ಕಲ್ಲ.

ಆದರೆ ಎಲ್ಲರಿಗೂ ಆ ಮೇಜು ಸಿಗುವುದಿಲ್ಲ. ಇದನ್ನು ನೀವು ತಿಳಿದಿರಬೇಕು. ನನ್ನ ಒಬ್ಬ ವಿದ್ಯಾರ್ಥಿ, ಚಿತ್ರದುರ್ಗದ ಕಡೆಯ ಹುಡುಗ, ಅವನ ಮೊದಲ ಪೇಪರ್ ಒಂದು ದೊಡ್ಡ ಕಾನ್ಫರೆನ್ಸ್‌ಗೆ ಆಯ್ಕೆಯಾಯಿತು. ಏಳು ವಾರ ಮೊದಲೇ ವೀಸಾಕ್ಕೆ ಅರ್ಜಿ ಹಾಕಿದ್ದ. ಆಹ್ವಾನ ಪತ್ರ, ಬ್ಯಾಂಕ್ ಲೆಕ್ಕ, ವಿಮೆ, ನನ್ನ ಪತ್ರ, ಸಂಸ್ಥೆಯ ಪತ್ರ ಎಲ್ಲ ಕೊಟ್ಟಿದ್ದ. ಅವರಮ್ಮ ಸ್ವೆಟರ್ ಹೆಣೆದು ಕಳಿಸಿದ್ದರು. ಪಾಸ್‌ಪೋರ್ಟ್ ವಾಪಸ್ ಬಂದದ್ದು ಅವನ ಭಾಷಣ ಇದ್ದ ದಿನದ ಮರುದಿನ. ಒಳಗೆ ವೀಸಾ ಇತ್ತು.

ಅವನ ಬದಲು ನಾನು ಮಾತಾಡಿದೆ. ನಾನು ಹೇಳಿದ್ದು ಅವನ ಯೋಚನೆ, ಚಪ್ಪಾಳೆ ನನಗೆ. ಈಗ ನೆನೆದರೂ ಸಂಕಟವಾಗುತ್ತದೆ. ಮುಗಿದ ಮೇಲೆ ಪ್ರಶ್ನೆ ಕೇಳಿದ ಇಬ್ಬರನ್ನು ಹಿಡಿದು, ಸಂಜೆ ವಿಡಿಯೊ ಕರೆಗೆ ಕೂರಿಸಿದೆ. ಬೆಂಗಳೂರಲ್ಲಿ ಆಗ ರಾತ್ರಿ ಹನ್ನೊಂದು. ಹುಡುಗ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಕೂತಿದ್ದ. ಒಂದು ಗಂಟೆ ಮಾತಾಡಿದ. ಅವರಲ್ಲಿ ಒಬ್ಬರ ಜೊತೆ ಮುಂದೆ ಒಂದು ಪೇಪರ್ ಬರೆದ. ಆದರೂ ಅಲ್ಲಿ ನಿಂತು ಮಾತಾಡುವ ಖುಷಿ ಅವನಿಗೆ ಸಿಗಬೇಕಿತ್ತು.

2020ರಲ್ಲಿ ಎಲ್ಲ ನಿಂತುಹೋಯಿತಲ್ಲ, ಆಗ ಕಾನ್ಫರೆನ್ಸ್‌ಗಳು ಪರದೆ ಮೇಲೆ ಬಂದವು. ಹೋಗಲು ದುಡ್ಡಿಲ್ಲದ, ವೀಸಾ ಸಿಗದ ಎಷ್ಟೋ ವಿದ್ಯಾರ್ಥಿಗಳು ಮೊದಲ ಸಲ ಕೂತು ಕೇಳಿದರು. ನಾನು ಹೇಳಿದೆನಲ್ಲ ಬೀಜದ ಸಮಸ್ಯೆ, ಅದರ ಕೊನೆಯ ಉತ್ತರ ಬಂದದ್ದೂ ಆ ಕಾಲದಲ್ಲೇ, 2021ರಲ್ಲಿ. ಫ್ರಾನ್ಸ್‌ನ ಲೆರೂ ಒಂದು ಕಡೆ, ಪೋಲೆಂಡ್‌ನ ಚೆರ್ವಿನ್‌ಸ್ಕಿ ಮತ್ತು ಓರ್ಲಿಕೋವ್‌ಸ್ಕಿ ಇನ್ನೊಂದು ಕಡೆ, ಬೇರೆಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ಬೇಕಾದ ಸಮಯ ಅಕರ್‌ಮನ್ ಫಂಕ್ಷನ್ನಿನ ವೇಗದಲ್ಲಿ ಬೆಳೆಯುತ್ತದೆ, ಘಾತದ ಮೇಲೆ ಘಾತ ಪೇರಿಸಿದರೂ ಅದರ ಹತ್ತಿರ ಬರುವುದಿಲ್ಲ. ಮನೆಯಲ್ಲೇ ಕೂತರೂ ದೊಡ್ಡ ಕೆಲಸ ಆಗುತ್ತದೆ ಅನ್ನುವುದಕ್ಕೆ ನಾನು ಇದನ್ನು ಒಪ್ಪುತ್ತೇನೆ. ಆದರೆ ಲೆರೂ ಮತ್ತು ಚೆರ್ವಿನ್‌ಸ್ಕಿ ಅದಕ್ಕೂ ಮೊದಲು 2019ರ ಆ ಐದು ಜನರಲ್ಲಿದ್ದು ಒಟ್ಟಿಗೆ ಕೆಲಸ ಮಾಡಿದವರು. ಹೊಸಬರಿಗೆ ಆ ಎರಡು ವರ್ಷ ತುಂಬಾ ಕಷ್ಟವಾಯಿತು. ಪರದೆಯಲ್ಲಿ ಭಾಷಣ ಮುಗಿದ ತಕ್ಷಣ ಎಲ್ಲರೂ ಮಾಯ. ಕಾಫಿ ಲೋಟ ಹಿಡಿದು ಪಕ್ಕದಲ್ಲಿ ನಿಲ್ಲುವವರು ಇರಲಿಲ್ಲ.

ಮನೆಯ ವಿಷಯ ಕೇಳಿಲ್ಲ ನೀವು, ಆದರೂ ಹೇಳುತ್ತೇನೆ. ಬೇಸಿಗೆಯಲ್ಲಿ ಜರ್ಮನಿಗೂ ನಮಗೂ ಮೂರೂವರೆ ಗಂಟೆ ಅಂತರ. ಮಗಳು ಮಲಗುವ ಒಂಬತ್ತು ಗಂಟೆ ಅಂದರೆ ಅಲ್ಲಿ ಸಂಜೆ ಐದೂವರೆ. ಚರ್ಚೆ ಎಷ್ಟೇ ಜೋರಾಗಿರಲಿ, ಆ ಹೊತ್ತಿಗೆ ಎದ್ದು ಹೊರಗೆ ಬಂದು ಫೋನ್ ಮಾಡುತ್ತೇನೆ. ಅಪ್ಪನ ಕಣ್ಣಿನ ಆಪರೇಷನ್ ದಿನ ನಾನು ಊರಲ್ಲಿರಲಿಲ್ಲ. ಹೆಂಡತಿ ರಜೆ ಹಾಕಿ ಪಕ್ಕದಲ್ಲಿ ಕೂತಿದ್ದಳು. ಅದಾದ ಮೇಲೆ ವಿದೇಶಕ್ಕೆ ವರ್ಷಕ್ಕೆ ಎರಡೇ ಸಲ ಅಂತ ನಿಯಮ ಮಾಡಿಕೊಂಡಿದ್ದೇನೆ. ಸೆಮಿಸ್ಟರ್ ಮಧ್ಯೆ ಹೋದರೆ ಬಿಟ್ಟ ಕ್ಲಾಸನ್ನು ಶನಿವಾರ ತೆಗೆದುಕೊಳ್ಳುತ್ತೇನೆ. ನಿಮ್ಮ ಗೈಡ್ ಊರಲ್ಲಿಲ್ಲದ ವಾರವೂ ನಿಮ್ಮ ಒಂದು ಗಂಟೆ ನಿಮಗೆ ಸಿಗಬೇಕು. ಕೇಳಿ ಪಡೆಯಿರಿ, ಸಂಕೋಚ ಬೇಡ.

ಓಡಾಟ ಅಂದರೆ ಜರ್ಮನಿ ಮಾತ್ರ ಅಲ್ಲ. ಕಳೆದ ವರ್ಷ ರಾತ್ರಿ ರೈಲು ಹತ್ತಿ ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಹೋಗಿದ್ದೆ. ಇಂಗ್ಲಿಷಿನಲ್ಲಿ ಶುರು ಮಾಡಿದೆ. ಹತ್ತು ನಿಮಿಷಕ್ಕೆ ಹಿಂದಿನ ಬೆಂಚಿನವರ ಮುಖ ಖಾಲಿಯಾಯಿತು. ಸ್ಲೈಡ್ ನಿಲ್ಲಿಸಿ, ಬೋರ್ಡಿನ ಮೇಲೆ ಗುಳಿ ಬರೆದು, ಕನ್ನಡದಲ್ಲೇ ಅಳಗುಳಿ ಮಣೆಯಿಂದ ಹೇಳಿದೆ. ಮೂರನೇ ಸಾಲಿನ ಹುಡುಗಿ ಎದ್ದು ನಿಂತಳು. "ಸರ್, ಒಂದು ಗುಳಿಯೊಳಗ ಬೀಜ ಬೆಳಕೋತೇ ಹೋದ್ರ ಕಂಪ್ಯೂಟರ್ ಎಲ್ಲೀತನಾ ನೋಡಬೇಕ್ರಿ? ಯಾವಾಗ ಸಾಕು ಅನ್ನಬೇಕ್ರಿ?"

ನನಗೆ ರೋಮಾಂಚನವಾಯಿತು. 1969ರಲ್ಲಿ ಕಾರ್ಪ್ ಮತ್ತು ಮಿಲ್ಲರ್ ಅನ್ನುವ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು ಕೈಹಾಕಿದ ಪ್ರಶ್ನೆ ಇದೇ. ನಾನು ಉತ್ತರ ಹೇಳಲಿಲ್ಲ. "ಮೊದಲು ಕಂಡ ಸ್ಥಿತಿಯೇ ಮತ್ತೆ ಬಂತು, ಯಾವ ಗುಳಿಯಲ್ಲೂ ಕಡಿಮೆಯಾಗಿಲ್ಲ, ಒಂದರಲ್ಲಿ ಮಾತ್ರ ಜಾಸ್ತಿಯಾಗಿದೆ. ಆಗ ಏನು ಅನ್ನಬಹುದು?" ಅಂತ ತಿರುಗಿ ಕೇಳಿದೆ. ಅವಳು ಬೋರ್ಡ್ ಹತ್ತಿರ ಬಂದಳು. ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ, "ಅದೇ ಹೆಜ್ಜೀನ ಮತ್ತ ಮತ್ತ ಹಾಕಬಹುದಲ್ರಿ, ಅಂದ್ರ ಅಲ್ಲಿ ಎಷ್ಟು ಬೇಕಾದ್ರೂ ಆಗ್ತದ" ಅಂದಳು. ಸರಿಯಾದ ಉತ್ತರ. ಆ ಗುಳಿಗೆ 'ಎಷ್ಟು ಬೇಕಾದರೂ' ಅಂತ ಗುರುತು ಹಾಕಿ ಮುಂದೆ ಹೋಗುವುದೇ ಆ ವಿಧಾನ. ಕ್ಲಾಸಿಗೆ ಕ್ಲಾಸೇ ಮೇಜು ಕುಟ್ಟಿತು. ಡಾಗ್‌ಸ್ಟೂಲ್‌ನ ದ್ರಾಕ್ಷಿಯ ರಾತ್ರಿಯಷ್ಟೇ ಆ ಮಧ್ಯಾಹ್ನವೂ ನನಗೆ ದೊಡ್ಡದು.

ನೀವು ಹೀಗೆ ಮಾಡಿ. ನಮ್ಮ ದೇಶದಲ್ಲೇ ಎಫ್‌ಎಸ್‌ಟಿಟಿಸಿಎಸ್ ಅಂತ ಥಿಯರಿ ಕಾನ್ಫರೆನ್ಸ್ ಇದೆ. 1981ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, ಪ್ರತಿ ಡಿಸೆಂಬರ್‌ನಲ್ಲಿ ಒಂದೊಂದು ಊರಲ್ಲಿ ನಡೆಯುತ್ತದೆ. ವೀಸಾ ಬೇಡ, ರೈಲು ಟಿಕೆಟ್ ಸಾಕು. ಪೇಪರ್ ಇಲ್ಲದಿದ್ದರೂ ಹೋಗಿ ಕೂರಬಹುದು. ಮುಂದೆ ನಿಮ್ಮ ಪೇಪರ್ ಹೊರದೇಶದಲ್ಲಿ ಆಯ್ಕೆಯಾದರೆ ಎಸಿಎಂ ಇಂಡಿಯಾ ಮತ್ತು ಐಎಆರ್‌ಸಿಎಸ್ ಅನ್ನುವ ಕಂಪ್ಯೂಟರ್ ಸೈನ್ಸ್ ಸಂಘಗಳು ಸೇರಿ ವಿದ್ಯಾರ್ಥಿಗಳಿಗೆ ಪ್ರಯಾಣದ ನೆರವು ಕೊಡುತ್ತವೆ, ಅದಕ್ಕೆ ಅರ್ಜಿ ಹಾಕಿ. ಹೋಗುವ ಮೊದಲು ಮೂರು ಪೇಪರ್ ಆರಿಸಿ ಓದಿಕೊಳ್ಳಿ. ಒಂದೊಂದರಲ್ಲೂ ನಿಮಗೆ ಅರ್ಥವಾಗದ ಒಂದು ಸಾಲನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಕಾಫಿ ಬಿಡುವಿನಲ್ಲಿ ಬರೆದವರನ್ನೇ ಹುಡುಕಿ ಆ ಸಾಲು ತೋರಿಸಿ ಕೇಳಿ.