ಸಂಪಾದಕರ ಉತ್ತರ: ನಿಮ್ಮ ಅಮ್ಮನನ್ನು ಕೇಳಿ ನೋಡಿ

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಉಮಾಶ್ರೀ ಬಗ್ಗೆ ಮೂರು ಪುಟ ಹಾಕಿದ್ದೀರಿ. ಒಳ್ಳೆಯ ನಟಿ, ಇಲ್ಲ ಅನ್ನುವುದಿಲ್ಲ. ಆದರೆ ಅರ್ಧ ಆಯಸ್ಸು ಡಬಲ್ ಮೀನಿಂಗ್ ಕಾಮಿಡಿಗೆ ಹೋಯಿತು. ಆಮೇಲೆ ರಾಜಕೀಯ, ಸೀರಿಯಲ್. ಪೋಷಕ ನಟಿಗೆ ಇಷ್ಟೊಂದು ಜಾಗ ಬೇಕಿತ್ತಾ? ನಮ್ಮ ಅಮ್ಮನಿಗೆ ಮಾತ್ರ ಲೇಖನ ಬಹಳ ಹಿಡಿಸಿತು."

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದು ಮಾತು ಒಪ್ಪುತ್ತೇನೆ. ಆ ಕಾಲದ ಎಷ್ಟೋ ಸಿನಿಮಾಗಳಲ್ಲಿ ಅವರ ಬಾಯಿಗೆ ಹಾಕಿದ ಮಾತುಗಳನ್ನು ಮನೆಮಂದಿ ಜೊತೆ ಕೂತು ಕೇಳೋಕೆ ಮುಜುಗರ ಆಗುತ್ತದೆ. ಆದರೆ ಆ ಮಾತು ಬರೆದವರು ಯಾರು? ನಿಮಗೆ ನೆನಪಿಲ್ಲ, ನನಗೂ ಇಲ್ಲ. ಬರೆದವನು ಬಚಾವಾದ, ಹೇಳಿದವಳ ತಲೆಗೆ ಬಂತು.

ಸಿನಿಮಾಗಿಂತ ಮೊದಲು ನಾನು ಅವರನ್ನು ನೋಡಿದ್ದು ನಾಟಕದಲ್ಲಿ. ದೇವನೂರ ಮಹಾದೇವ ಅವರ ಕಿರುಕಾದಂಬರಿ 'ಒಡಲಾಳ'ದಿಂದ ಮಾಡಿದ ನಾಟಕ, ಸಾಕವ್ವನ ಪಾತ್ರ ಇವರದು. ಸಾಕವ್ವನ ಹುಂಜ ಕಳೆದುಹೋಗಿದೆ. ಮುದುಕಿ ಅದನ್ನು ಹುಡುಕಿಕೊಂಡು ಅಲೆಯುತ್ತಾಳೆ. ಒಂದು ಹುಂಜಕ್ಕೆ ಇಷ್ಟು ರಂಪವಾ ಅಂತ ಮೊದಲು ನಗು ಬಂತು. ಸ್ವಲ್ಪ ಹೊತ್ತಿಗೆ ನಗು ಗಂಟಲಲ್ಲೇ ನಿಂತಿತು. ಆ ಮನೆಗೆ ಹುಂಜ ಅಂದರೆ ಏನು ಅಂತ ಆಕೆಯ ದನಿಯಲ್ಲೇ ಗೊತ್ತಾಗಿಬಿಟ್ಟಿತ್ತು. ಪಕ್ಕದಲ್ಲಿದ್ದ ಗೆಳೆಯ ಮೆಲ್ಲಗೆ, "ಈ ಅಜ್ಜೀನ ಯಾವ ಊರಿಂದ ಕರ್ಕೊಂಡು ಬಂದ್ರೋ" ಅಂದ. ಅಜ್ಜಿಗೆ ಆಗ ಮೂವತ್ತರ ಆಸುಪಾಸು!

ಇನ್ನೊಂದು ಲೆಕ್ಕ ಹೇಳುತ್ತೇನೆ, ನೀವೇ ಕೂಡಿಸಿ ಕಳೆಯಿರಿ. ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ರವಿಚಂದ್ರನ್ 1961ರಲ್ಲಿ. 1995ರ 'ಪುಟ್ನಂಜ'ದಲ್ಲಿ ರವಿಚಂದ್ರನ್‌ಗೆ ಉಮಾಶ್ರೀ ಅಜ್ಜಿ. ನಾಲ್ಕು ವರ್ಷ ದೊಡ್ಡವಳು ಅಕ್ಕ ಆಗಬಹುದು, ಅಜ್ಜಿ ಆಗೋದು ಹೇಗೆ? ಆದರೂ ಥಿಯೇಟರಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಅದರ ಹಿಂದಿನ ವರ್ಷವಷ್ಟೇ 'ಕೊಟ್ರೇಶಿ ಕನಸು' ಬಂದಿತ್ತು. ಅಲ್ಲಿ ಇವರು ಓದುವ ಹುಡುಗನ ಬಡ ತಾಯಿ. ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಒಬ್ಬಳೇ ಹೆಂಗಸು ಅಂತ ನಂಬೋದು ಕಷ್ಟ. ಇಷ್ಟನ್ನು ಸಲೀಸಾಗಿ ಮಾಡುವವರನ್ನು ನಾವು 'ಪೋಷಕ' ಅಂತ ಕರೆದು ಪಕ್ಕಕ್ಕೆ ಕೂರಿಸುತ್ತೇವೆ. ಪೋಷಕರು ಅಂದರೆ ಸಾಕುವವರು. ಆ ಅರ್ಥದಲ್ಲಾದರೆ ಹೆಸರು ಸರಿಯಾಗೇ ಇದೆ.

ಪಂಡರಿಬಾಯಿ ಅವರನ್ನೇ ನೋಡಿ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿ. ಇಬ್ಬರೂ ಹೆಚ್ಚು ಕಡಿಮೆ ಒಂದೇ ಓರಗೆ. 1986ರ 'ಅನುರಾಗ ಅರಳಿತು' ಹೊತ್ತಿಗೆ ಅಣ್ಣಾವ್ರು ಇನ್ನೂ ನಾಯಕ, ಅವರಿಗೆ ತಾಯಿಯಾಗಿ ಪಂಡರಿಬಾಯಿ. ಅದೇ ಕಥೆ 1992ರಲ್ಲಿ ತಮಿಳಿನಲ್ಲಿ 'ಮನ್ನನ್' ಆಯಿತು. ಭಾಷೆ ಬದಲಾಯಿತು, ನಿರ್ದೇಶಕರು ಬದಲಾದರು. ನಾಯಕ ರಜನಿಕಾಂತ್ ಆದರು, ಮಾಧವಿ ಜಾಗಕ್ಕೆ ವಿಜಯಶಾಂತಿ ಬಂದರು. ತಾಯಿ ಮಾತ್ರ ಪಂಡರಿಬಾಯಿಯೇ. ನಾಯಕಿ ಸಿಗುತ್ತಾರೆ ಸ್ವಾಮಿ, ಅಂಥ ತಾಯಿ ಸಿಗಬೇಕಲ್ಲ.

ದಿಲ್ಲಿಯವರಿಗೂ ಇದು ತಡವಾಗೇ ಹೊಳೆಯಿತು. ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ನಟಿ ಅಂತ ಕೊಡೋಕೆ ಶುರು ಮಾಡಿದ್ದು 1967ರ ಸಿನಿಮಾಗಳಿಂದ. ಪೋಷಕ ನಟಿಗೆ ಪ್ರಶಸ್ತಿ ಬಂದದ್ದು 1984ರ ಸಿನಿಮಾಗಳಿಗೆ. ನಡುವೆ ಹದಿನೇಳು ವರ್ಷ! ಅಷ್ಟರಲ್ಲಿ ಎಷ್ಟು ಅಮ್ಮಂದಿರು, ಅತ್ತೆಯರು ಬಣ್ಣ ತೊಳೆದುಕೊಂಡು ಮನೆಗೆ ಹೋದರೋ.

ಉಮಾಶ್ರೀ ಅವರಿಗೆ ಬಂದದ್ದು ದೊಡ್ಡ ಪ್ರಶಸ್ತಿಯೇ. 'ಗುಲಾಬಿ ಟಾಕೀಸ್', 55ನೇ ರಾಷ್ಟ್ರಪ್ರಶಸ್ತಿ, ಅತ್ಯುತ್ತಮ ನಟಿ. ವೈದೇಹಿಯವರ ಕಥೆ, ಗಿರೀಶ್ ಕಾಸರವಳ್ಳಿ ನಿರ್ದೇಶನ. ಕುಂದಾಪುರದ ಕಡೆಯ ಸೂಲಗಿತ್ತಿ, ಸಿನಿಮಾ ಹುಚ್ಚಿನ ಗುಲಾಬಿ. ಹೆರಿಗೆ ಮಾಡಿಸಿದ್ದಕ್ಕೆ ಅವಳ ಗುಡಿಸಲಿಗೆ ಟಿವಿ ಬರುತ್ತದೆ. ಹತ್ತಿರ ಬಾರದಿದ್ದ ಹೆಂಗಸರೆಲ್ಲ ಒಬ್ಬೊಬ್ಬರೇ ಬಾಗಿಲಿಗೆ ಬರುತ್ತಾರೆ. ಆಗ ಅವಳ ಮುಖ ನೋಡಬೇಕು. ಮನೆಗೆ ಜನ ಬಂದರಲ್ಲ ಅನ್ನೋ ಸಂತೋಷ. ಇದೇ ಮುಖವನ್ನು ಅಲ್ಲಿಯವರೆಗೆ ನಗಿಸೋಕೆ ಬಿಟ್ಟು ಬೇರೆ ಯಾವುದಕ್ಕೂ ಜಾಸ್ತಿ ಕರೆಯಲಿಲ್ಲವಲ್ಲ ಅಂತ ನನಗೆ ಹೊಟ್ಟೆ ಉರಿಯಿತು. ಅವರ ಅರ್ಧ ಆಯಸ್ಸು ಹೋಯಿತು ಅಂತ ನೀವು ಬರೆದಿದ್ದೀರಿ. ಕಳೆದದ್ದು ನಾವು.

2013ರಲ್ಲಿ ತೇರದಾಳದಿಂದ ಗೆದ್ದು ಸಚಿವೆಯಾದರು. ಆ ಲೆಕ್ಕ ಮತದಾರರಿಗೆ ಬಿಟ್ಟದ್ದು. ಸೀರಿಯಲ್ ಬಗ್ಗೆ ಮಾತ್ರ ನಿಮ್ಮ ಜೊತೆ ಜಗಳ ಇದೆ. 'ಪುಟ್ಟಕ್ಕನ ಮಕ್ಕಳು' ಶುರುವಾದಾಗ ಅವರಿಗೆ 64. ಮೂರು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಮೆಸ್ ನಡೆಸುವ ಹೆಂಗಸು ಇಡೀ ಕಥೆಗೆ ಯಜಮಾನಿ. 64 ದಾಟಿದ ಹೆಂಗಸನ್ನು ನಡುವೆ ನಿಲ್ಲಿಸಿ ನಮ್ಮ ಸಿನಿಮಾದವರು ಎಷ್ಟು ಕಥೆ ಹೇಳಿದ್ದಾರೆ, ಬೆರಳು ಮಡಚಿ ನೋಡಿ. ಸೀರಿಯಲ್‌ನಲ್ಲಿ ಎಳೆದಾಟ ಇದೆ, ನಿಜ. ಆದರೆ ದಿನಾ ಸಂಜೆ ಅವರಿಗೊಂದು ಜಾಗ ಕೊಟ್ಟದ್ದು ಅದೇ.

ಈ ಮಾತು ಬಂದಾಗೆಲ್ಲ ಇನ್ನೊಂದು ವಿಷಯಕ್ಕೆ ನನಗೆ ಸಿಟ್ಟು ಬರುತ್ತದೆ. ಟಿವಿಯಲ್ಲಿ ಹಳೆ ಸಿನಿಮಾ ಹಾಕುವಾಗ ಎಷ್ಟೋ ಸಲ ಟೈಟಲ್ ಕಾರ್ಡ್ ಕತ್ತರಿಸಿಬಿಡುತ್ತಾರೆ. ನಾಯಕ ನಾಯಕಿಯ ಹೆಸರು ಎಲ್ಲರಿಗೂ ಗೊತ್ತು. ಅತ್ತೆ, ಸೋದರತ್ತೆ, ಆಸ್ಪತ್ರೆ ಆಯಾ, ಪಕ್ಕದ ಮನೆ ಪದ್ಮಮ್ಮ, ಇವರ ಹೆಸರು ಇದ್ದದ್ದೇ ಆ ಪಟ್ಟಿಯಲ್ಲಿ. ಅದೂ ಹೋದರೆ ಇನ್ನೆಲ್ಲಿ ಹುಡುಕೋದು? ಹಿಂದೊಮ್ಮೆ ಒಬ್ಬ ಹಿರಿಯ ನಟಿ ತೀರಿಕೊಂಡಾಗ ನಮ್ಮ ಕಚೇರಿಯಲ್ಲಿ ರಾತ್ರಿ ಹನ್ನೊಂದರವರೆಗೆ ಫೋಟೋ ಹುಡುಕಿದೆವು. ಸಿಕ್ಕಿದ್ದು ಒಂದೇ, ಅದರಲ್ಲೂ ಅವರು ನಾಯಕನ ಬೆನ್ನ ಹಿಂದೆ, ಅರ್ಧ ಮುಖ. ಅದನ್ನೇ ಕತ್ತರಿಸಿ ಅಚ್ಚು ಹಾಕಿದೆವು. ಈಗಲೂ ಆ ಪುಟ ತೆಗೆದರೆ ಬೇಜಾರಾಗುತ್ತದೆ.

ನಿಮ್ಮ ಅಮ್ಮನಿಗೆ ಲೇಖನ ಹಿಡಿಸಿತು ಅಂತ ಸುಮ್ನೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ನನಗೆ ಆ ಸಾಲೇ ಬೇಕಿತ್ತು. ಒಂದು ಭಾನುವಾರ ಅವರ ಜೊತೆ ಕೂತು ಯಾವುದಾದರೂ ಹಳೆ ಸಿನಿಮಾ ಹಾಕಿ. ಅತ್ತೆ ಬಂದಾಗ ನಿಲ್ಲಿಸಿ, ಇವರು ಯಾರು ಅಂತ ಕೇಳಿ. ಹೆಸರು, ಊರು, ಇನ್ಯಾವ ಸಿನಿಮಾದಲ್ಲಿ ಇದ್ದರು ಅನ್ನೋದೆಲ್ಲ ಅವರೇ ಹೇಳುತ್ತಾರೆ. ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಟ್ಟಿರುತ್ತೇನೆ, ನಿಮ್ಮ ಅಮ್ಮನ ಹೆಸರಿನಲ್ಲೇ ಹಾಕೋಣ.